ಗುಣವಾಯಿತೆಂದು ಹೇಳುವವರು ಯಾರು?

ತಲೆಗೆ ಪೆಟ್ಟು ಬಿದ್ದ ಸೈನಿಕ ‘ಏನೂ ಆಗಿಲ್ಲ ಸಾಬ್’ ಎಂದರೆ ಅದು ಸುಳ್ಳೆ? ಅಲ್ಲವೆಂದೇ ನಮ್ಮ ಎಣಿಕೆ. ಪೆಟ್ಟು ಬಿದ್ದಿರುವುದು ಮಿದುಳಿಗೆ, ತೀರ್ಪು ಕೊಡುತ್ತಿರುವುದೂ ಅದೇ ಮಿದುಳು. ತನ್ನ ತುಕಡಿಯಿಂದ ಹಿಂದುಳಿಯುವ ಸಂಕೋಚ ಬೇರೆ. ಇಂಥ ಆಘಾತ ಸ್ಕ್ಯಾನಿನಲ್ಲಿ ಕಾಣದಿರುವುದೇ ಹೆಚ್ಚು.

ಅದಕ್ಕೇ ಅಮೆರಿಕದಲ್ಲಿ ಸಂಶೋಧಕರು ಸೈನಿಕರ ಹಣೆ, ಸೊಂಟ, ಪಾದಗಳಿಗೆ ಚಲನೆಯನ್ನು ಅಳೆಯುವ ಪುಟ್ಟ ಸೆನ್ಸರುಗಳನ್ನು ಕಟ್ಟಿ, ನಡೆಸಿ, ತಿರುಗಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸುತ್ತಾರೆ. ವೈದ್ಯರ ಕಣ್ಣಿಗೆ ಸಿಗದ ಸಣ್ಣ ತೂಗಾಟವೂ ಅದರಲ್ಲಿ ದಾಖಲಾಗುತ್ತದೆ.

ಕ್ರಿಕೆಟ್ಟನ್ನೇ ನೋಡೋಣ. 2020ರ ಡಿಸೆಂಬರ್ 4ರಂದು ಕ್ಯಾನ್‌ಬೆರಾದಲ್ಲಿ ನಮ್ಮ ಜಾಮ್‌ನಗರದ ರವೀಂದ್ರ ಜಡೇಜಾ ಹೆಲ್ಮೆಟ್ಟಿಗೆ ಚೆಂಡು ಬಡಿದ ಮೇಲೂ ಆಡುತ್ತಲೇ ಇದ್ದರು. ಇನಿಂಗ್ಸ್ ಮುಗಿದ ಮೇಲೆ ಅವರ ಬದಲು ಚಾಹಲ್ ಇಳಿದಾಗ ಆಸ್ಟ್ರೇಲಿಯದ ತರಬೇತುದಾರರು ತಕರಾರು ತೆಗೆದರು. ಅಂದು ಒಂದು ಅಳತೆ ಕೈಯಲ್ಲಿದ್ದಿದ್ದರೆ ತಕರಾರಿಗೆ ಎಡೆಯಿರುತ್ತಿರಲಿಲ್ಲವೇನೋ!

ಆದರೆ ತೂಗಾಟವನ್ನು ಅಳೆಯುವ ಯಂತ್ರ ತಲೆನೋವನ್ನು, ನಿದ್ದೆಗೆಟ್ಟ ರಾತ್ರಿಯನ್ನು ಅಳೆಯದು. ‘ಅಂಕಿ ಸರಿಯಾಗಿದೆ, ಗಡಿಗೆ ಹೊರಡು’ ಎನ್ನುವ ಅಧಿಕಾರಿಯ ಕೈಗೆ ಅದು ಸಿಕ್ಕರೆ? ‘ಏನೂ ಆಗಿಲ್ಲ’ ಎಂಬ ಮಾತನ್ನು ಯಂತ್ರ ಪರೀಕ್ಷಿಸಲಿ. ‘ಇನ್ನೂ ನೋಯುತ್ತಿದೆ’ ಎಂಬುದನ್ನು ತಳ್ಳಿಹಾಕುವ ಅಧಿಕಾರ ಮಾತ್ರ ಅದಕ್ಕೆ ಕೂಡದು.

ಉತ್ತರಾಯಣದಂದು ಗಾಳಿಪಟದ ಹಿಂದೆ ಓಡಿ ಮಾಳಿಗೆಯಿಂದ ಬಿದ್ದ ಮಗನೂ ‘ಏನಿಲ್ಲಮ್ಮ’ ಎನ್ನುತ್ತಾನೆ. ಅಹಮದಾಬಾದು, ವಡೋದರಾ, ಸೂರತ್ತಿನ ನಮ್ಮ ಮನೆಗಳಲ್ಲಿ ಸೆನ್ಸರಿಲ್ಲ. ವೈದ್ಯರಿಗೆ ತೋರಿಸಿ ಬಂದ ಮೇಲೂ ಅವನ ನಡಿಗೆಯ ಮೇಲೆ ಕಣ್ಣಿಡಬೇಕಾದವರು ನಾವೇ. ವಾಂತಿ, ಮಂಪರು ಕಂಡರೆ ಮತ್ತೆ ಆಸ್ಪತ್ರೆಗೆ ಓಡಬೇಕಾದವರೂ ನಾವೇ.