ಬಸ್ಸಿನಲ್ಲಿ ಬಂದರೆ ಪುಣ್ಯ ಕಡಿಮೆಯೇ?

ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿ ಬಂದವರು ಬಸ್ಸಿನಿಂದ ಇಳಿದವರನ್ನು ನೋಡಿ, "ನಿಮಗೇನ್ರೀ, ಸುಖವಾಗಿ ಬಂದ್ರಿ" ಅನ್ನುವುದುಂಟು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಈ ಸುಮಾರು 1000 ಮೆಟ್ಟಿಲುಗಳೂ ಕಲ್ಲುಮುಳ್ಳಿನ ಏರನ್ನು ಸುಲಭ ಮಾಡಿದವೇ ಅಲ್ಲವೇ? ಇಂದು ಮೈಸೂರಿನ ಸಿಟಿ ಬಸ್ಸು ಮಾಡುವುದೂ ಅದನ್ನೇ. ಮಂಡಿನೋವಿನ ಅಜ್ಜಿಗೆ ಬಸ್ಸಿನಿಂದ ಗುಡಿಯವರೆಗಿನ ನಡಿಗೆಯೇ ಸಾವಿರ ಮೆಟ್ಟಿಲು.

ಕಾಲು ಗಟ್ಟಿ ಇರುವವರು ಮಾತ್ರ, ದರ್ಶನ ಮುಗಿಸಿ ನಂದಿಯವರೆಗಾದರೂ ಮೆಟ್ಟಿಲು ಇಳಿದು ನೋಡಿ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಬರುವ ತಾಯಂದಿರು ಎದುರಾಗಬಹುದು. ಅವರಿಗೆ ಬೇರೆಯವರ ಬೆವರು ಅಳೆಯಲು ಪುರುಸೊತ್ತಿಲ್ಲ. ಹತ್ತಿದೆನೆಂಬ ಹಮ್ಮು ಬಂದರೆ ಹತ್ತಿದ್ದೂ ದಂಡ. ಬಾಗಿದರೆ ಬಸ್ಸಿನಲ್ಲಿ ಬಂದದ್ದೂ ಯಾತ್ರೆ. ತಾಯಿ ಎಲ್ಲರನ್ನೂ ಕಾಪಾಡಲಿ.