ಕಚ್ಚುವ ಬೆಕ್ಕು ಯಾರ ಹೊಣೆ?

ಮನೆಯಲ್ಲಿ ಸಾಕಿದ ಬೆಕ್ಕು ಮಗುವಿನ ಕೈಯನ್ನು ಕಚ್ಚಿದರೆ ಅದನ್ನು ಪಾಪಿಯೆನ್ನಬಹುದೋ? ಆಜ್ಞೆಯನ್ನರಿಯದ ಜಂತುವಿಗೆ ಆಜ್ಞಾತಿಕ್ರಮವಿಲ್ಲ. ಅದು ಕಚ್ಚುವದು ಬಹುಶಃ ಭಯದಿಂದ, ನೋವಿನಿಂದ, ಇಲ್ಲವೆ ಮರಿಗಳ ನಿಮಿತ್ತವಾಗಿ; ಬಾಲವನ್ನು ಬಡಿದು ಕಿವಿಗಳನ್ನು ಹಿಂದಕ್ಕೆ ಮಡಿಸಿ ಅನೇಕಾವರ್ತಿ ಮುಂಚೆಯೇ ಎಚ್ಚರಿಸುತ್ತದೆ. ಮಕ್ಕಳಿಗೆ ಈ ಗುರುತನ್ನು ಕಲಿಸದೆ ಕೋಲನ್ನೆತ್ತುವವನು ಅದರ ಭಯವನ್ನೇ ಬೆಳೆಸುತ್ತಾನೆ.

ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಾಗಿ ನ್ಯಾಯವಿಧಿಯುಂಟು. (ಮನೆಬೆಕ್ಕಿನ ಹೆಸರು ಸತ್ಯವೇದದಲ್ಲಿಲ್ಲವೆಂದು ನಗುವವರಿಗೆ ಎತ್ತೇ ಸಾಕು.) ಅದರ ವಾಡಿಕೆಯನ್ನು ತಿಳಿಯದಿದ್ದ ಯಜಮಾನನು ನಿರಪರಾಧಿ, ತಿಳಿದ ಮೇಲೂ ಕಟ್ಟದೆ ಬಿಟ್ಟವನು ಅಪರಾಧಿ. ಹಾಗಾದರೆ ಎರಡನೆಯ ಗಾಯವು ಬೆಕ್ಕಿನದಲ್ಲ, ನಮ್ಮದು.

ಆದರೆ ಹಳ್ಳಿಗಳಲ್ಲಿ ಕೆಲವರು ಮಾಡುವದೇನು? ಅದನ್ನು ಗೋಣಿಚೀಲದಲ್ಲಿ ತುಂಬಿ ರಾತ್ರಿಯಲ್ಲಿ ಹೊಳೆಯಾಚೆ ಬಿಟ್ಟುಬರುತ್ತಾರೆ. ಹೊಳೆಯಾಚೆಯೂ ಮಕ್ಕಳಿದ್ದಾರಷ್ಟೆ. ನೆರೆಯವನ ಪ್ರೀತಿಯನ್ನು ಕುರಿತು ಆದಿತ್ಯವಾರ ಪ್ರಸಂಗ ಕೇಳಿ, ಸೋಮವಾರ ನಮ್ಮ ಬೆಕ್ಕಿನ ಹಲ್ಲನ್ನು ಅವನಿಗೆ ದಾನಮಾಡುವದು ಯಾವ ಧರ್ಮ?

ಕೂಸಿರುವ ಕೋಣೆಗೆ ಅದನ್ನು ಬಿಡದಿರುವದೂ, ಪಶುವೈದ್ಯರಿಗೆ ತೋರಿಸಿ ಹುಚ್ಚುರೋಗದ ಚುಚ್ಚುಮದ್ದು ಹಾಕಿಸುವದೂ ಎತ್ತನ್ನು ಕಟ್ಟುವದಕ್ಕೆ ಸಮಾನ. ಕಚ್ಚಿದರೆ ಗಾಯವನ್ನು ಸಾಬೂನಿನಿಂದ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅರಿಶಿನ ಮೆತ್ತದೆ, ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ಆ ರೋಗವು ತಲೆದೋರಿದ ಮೇಲೆ ಬದುಕಿದವರು ಅತಿ ವಿರಳ. ಸಾಕಲಾರದವನು ಅದರ ಗುಣವನ್ನು ಮುಚ್ಚಿಡದೆ ತಿಳಿಸಿ, ಒಪ್ಪುವವರ ಕೈಗೆ ಹಗಲಿನಲ್ಲಿಯೇ ಕೊಡಲಿ.