ವಿಧಿಯೂ ವಿಧೇಯತೆಯೂ

ಪಡುಬಿದ್ರೆಗೂ ಕಾಪುವಿಗೂ ನಡುವೆ, ಕಡಲ ಅಂಚಿನಲ್ಲಿ ಎರ್ಮಾಳ್ ಗ್ರಾಮವಿದೆ. ತುಳುನಾಡಿನ ಜಾತ್ರೆಗಳ ಸಾಲು ಇಲ್ಲಿಯ ಜನಾರ್ದನ ದೇವಾಲಯದಿಂದಲೇ ತೊಡಗುತ್ತದೆಂಬುದು ಜನರ ವಾಡಿಕೆಯ ಮಾತು. ಇಂತಹ ತೀರದ ಊರುಗಳಲ್ಲಿ ಒಬ್ಬರ ವ್ರತವು ಇನ್ನೊಬ್ಬರಿಗೆ ಗುಟ್ಟಾಗಿ ಉಳಿಯುವುದಿಲ್ಲ. ಅಷ್ಟಮಿ-ಚತುರ್ದಶಿಗಳಂದು ಜೈನರ ಮನೆಯ ಒಲೆ ಹೊತ್ತಿಲ್ಲವೆಂಬುದನ್ನು ಹೊಗೆಯಾಡದ ಮಾಡಿನಿಂದಲೇ ನೆರೆಯವರು ತಿಳಿಯುತ್ತಿದ್ದ ಕಾಲವೊಂದಿತ್ತು. ಏಕಾದಶಿಯಂದು ವೈಷ್ಣವರ ಮನೆಯಲ್ಲಿ ಅನ್ನವಿಲ್ಲ. ರಂಜಾನಿನಲ್ಲಿ ಮುಸಲ್ಮಾನರ ಮನೆಯಲ್ಲಿ ಹಗಲಿಡೀ ಗುಟುಕು ನೀರೂ ಇಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಕ್ರೈಸ್ತರ ಮನೆಯಲ್ಲಿ ಮದುವೆಯ ಸಡಗರವಿಲ್ಲ. ನೆರೆಯವನ ವ್ರತವನ್ನು ಬೇಲಿಯಾಚೆಯಿಂದ ನೋಡಿ ಬೆಲೆಕಟ್ಟುವ ಅಭ್ಯಾಸವೂ ಇದರೊಡನೆಯೇ ಬೆಳೆದಿದೆ.

ಶುಕ್ರವಾರ ಮಾಂಸವನ್ನು ಬಿಟ್ಟು ಮೀನನ್ನು ಉಣ್ಣುವ ಕಥೋಲಿಕರ ಪದ್ಧತಿ ಜೈನ ಶ್ರಾವಕನಿಗೆ ವಿಚಿತ್ರವೆನಿಸುತ್ತದೆ. ಮೀನಿಗೆ ಜೀವವಿಲ್ಲವೇ ಎಂದು ಅವನು ಕೇಳುತ್ತಾನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಗೆಡ್ಡೆಗೆಣಸನ್ನು ಬಿಟ್ಟ ದಿನ ತುಪ್ಪದಲ್ಲಿ ಕರಿದ ಬಾಳೆಕಾಯಿಯನ್ನು ಎರಡರಷ್ಟು ತಿನ್ನುವ ಜೈನನನ್ನು ಕಂಡರೆ ಆ ಕಥೋಲಿಕ ನೆರೆಯವನಿಗೂ ಕೇಳಲು ಒಂದು ಪ್ರಶ್ನೆ ಇದ್ದೀತು. ನಿಯಮದ ಗೆರೆಯನ್ನು ದಾಟದೆ ನಿಯಮದ ಉದ್ದೇಶವನ್ನು ದಾಟಿಬಿಡುವ ಜಾಣತನ ಯಾವ ಒಂದು ಮತದ ಸ್ವತ್ತೂ ಅಲ್ಲ.

ಕ್ರೈಸ್ತಧರ್ಮದಲ್ಲಿ ಈ ಪ್ರಶ್ನೆ ಅದರ ಹುಟ್ಟಿನೊಂದಿಗೇ ಬಂದುದು. ಯೇಸುವಿನ ಕಾಲದ ಫರಿಸಾಯರು ದುಷ್ಟರಾಗಿರಲಿಲ್ಲ. ಆ ಸಮಾಜದಲ್ಲಿ ಅತ್ಯಂತ ವ್ರತನಿಷ್ಠರೆನಿಸಿದವರು ಅವರೇ. ವಾರಕ್ಕೆ ಎರಡು ದಿನ ಉಪವಾಸ ಮಾಡುವೆನೆಂದು ದೇವಾಲಯದಲ್ಲಿ ನಿಂತು ಹೇಳಿಕೊಂಡ ಫರಿಸಾಯನೂ, ದೂರದಲ್ಲಿ ತಲೆತಗ್ಗಿಸಿ ಎದೆ ಬಡಿದುಕೊಂಡ ಸುಂಕದವನೂ ಲೂಕನ ಸುವಾರ್ತೆಯ ದೃಷ್ಟಾಂತವೊಂದರಲ್ಲಿ ಬರುತ್ತಾರೆ. ನೀತಿವಂತನೆನಿಸಿ ಮನೆಗೆ ಹೋದವನು ಎರಡನೆಯವನು. ಪುದೀನ, ಜೀರಿಗೆಗಳಲ್ಲಿಯೂ ಹತ್ತನೆಯ ಪಾಲನ್ನು ಎಣಿಸಿ ಸಲ್ಲಿಸುತ್ತ ನ್ಯಾಯವನ್ನೂ ಕರುಣೆಯನ್ನೂ ಮರೆತವರನ್ನು ಯೇಸು ಕಟುವಾಗಿ ಖಂಡಿಸಿದನು. ಆದರೆ ಹತ್ತನೆಯ ಪಾಲನ್ನು ಕೊಡಬೇಡಿರೆಂದು ಅವನು ಹೇಳಲಿಲ್ಲ. ಇದನ್ನೂ ಮಾಡಬೇಕು, ಅದನ್ನೂ ಬಿಡಬಾರದು ಎಂಬುದೇ ಅವನ ಮಾತಿನ ತಾತ್ಪರ್ಯ. ಉಪವಾಸವನ್ನೂ ಅವನು ತಳ್ಳಿಹಾಕಲಿಲ್ಲ. ಮುಖ ಬಾಡಿಸಿಕೊಂಡು ಬೀದಿಗೆ ತೋರಿಸಬೇಡಿರಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡು ಗುಟ್ಟಾಗಿ ಮಾಡಿರಿ ಎಂದನು. ಈ ಭಾಗವನ್ನು ಓದಿದ ಜೈನನಿಗೆ ಅಪರಿಚಿತವೆನಿಸುವ ಮಾತು ಇಲ್ಲಿ ಕಡಿಮೆ.

ಮತ್ತಾಯನ ಸುವಾರ್ತೆಯಲ್ಲಿ ಇನ್ನೊಂದು ಚಿಕ್ಕ ದೃಷ್ಟಾಂತವಿದೆ. ತಂದೆಯೊಬ್ಬನು ಇಬ್ಬರು ಮಕ್ಕಳಿಗೂ ದ್ರಾಕ್ಷಿತೋಟಕ್ಕೆ ಹೋಗಿ ಕೆಲಸ ಮಾಡಲು ಹೇಳುತ್ತಾನೆ. ಒಬ್ಬನು ಒಲ್ಲೆನೆಂದು ಹೇಳಿ, ಆಮೇಲೆ ಪಶ್ಚಾತ್ತಾಪಪಟ್ಟು ಹೋಗುತ್ತಾನೆ. ಇನ್ನೊಬ್ಬನು ವಿನಯದಿಂದ ಆಗಲೆಂದು ಹೇಳಿ ಹೋಗುವುದೇ ಇಲ್ಲ. ತಂದೆಯ ಚಿತ್ತವನ್ನು ನೆರವೇರಿಸಿದವನು ಯಾರು? ವಿಧೇಯತೆ ಎಂದರೇನೆಂಬುದಕ್ಕೆ ಕ್ರೈಸ್ತರು ಕೊಡಬಹುದಾದ ಉತ್ತರಗಳಲ್ಲಿ ಇದಕ್ಕಿಂತ ನೇರವಾದುದು ಬೇರೊಂದಿಲ್ಲ. ಮಾತಿನಲ್ಲಿ ಮಗನಾದವನು ಎರಡನೆಯವನು, ತೋಟದ ಮಣ್ಣನ್ನು ಮುಟ್ಟಿದವನು ಮೊದಲನೆಯವನು.

ಈ ವಿಷಯವು ಕರಾವಳಿಯಲ್ಲಿ ಕೇವಲ ಗ್ರಂಥದ ಚರ್ಚೆಯಾಗಿ ಉಳಿಯಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ ಮೂಲ್ಕಿಯಲ್ಲಿಯೂ ಉಡುಪಿಯಲ್ಲಿಯೂ ಅವರ ನೆಲೆಗಳಾದವು. ಎರ್ಮಾಳ್ ಇರುವುದು ಈ ಎರಡರ ನಡುವಣ ದಾರಿಯಲ್ಲಿ. ಇವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ಭಕ್ತಿಪಂಥದಲ್ಲಿ ಬೆಳೆದವರು. ಆ ಪಂಥವು 17ನೆಯ ಶತಮಾನದಲ್ಲಿ ಹುಟ್ಟಿದುದೇ ಒಣ ಸಿದ್ಧಾಂತಕ್ಕೂ ಬಾಯಿಮಾತಿನ ಧರ್ಮಕ್ಕೂ ವಿರೋಧವಾಗಿ. ಹೃದಯವು ತಿರುಗದೆ ಚರ್ಚಿಗೆ ಹೋದರೇನು ಫಲ ಎಂಬುದು ಅವರ ಪ್ರಶ್ನೆಯಾಗಿತ್ತು. ಹಾಗಿರುವಾಗ ಅವರೇ ಇಲ್ಲಿ ಕಟ್ಟಿದ ಸಭೆಗಳಲ್ಲಿ ನಿಯಮಗಳ ಬೇಲಿ ಎತ್ತರವಾಯಿತೆಂಬುದು ವಿಚಾರಾರ್ಹವಾದ ಸಂಗತಿ. ಭಾನುವಾರ ದುಡಿಯಕೂಡದು, ಭೂತದ ಕೋಲಕ್ಕೆ ಹೋಗಕೂಡದು, ಜಾತಿಭೇದವನ್ನು ಎಣಿಸಕೂಡದು, ಕುಡಿಯಕೂಡದು. ತಪ್ಪಿದವನನ್ನು ಪ್ರಭುಭೋಜನದ ಸಂಸ್ಕಾರದಿಂದ ಹೊರಗಿಡುವ ಶಿಸ್ತು ಇತ್ತು.

ಇದನ್ನು ಕೇವಲ ವಿಧಿಜಡತೆಯೆಂದು ಹಳಿಯುವುದು ಸುಲಭ. ಆದರೆ ಕುಲವನ್ನೂ ಕುಟುಂಬವನ್ನೂ ಕಳೆದುಕೊಂಡು ಬಂದ ಹೊಸ ಸಭೆಗೆ ಆಸರೆಯಾಗಿ ಏನಾದರೊಂದು ಕಟ್ಟುಪಾಡು ಬೇಕಾಗಿತ್ತು. ಎಳೆಯ ಗಿಡಕ್ಕೆ ಬೇಲಿ ಬೇಡವೆನ್ನುವವನು ಕೃಷಿಯನ್ನು ಅರಿಯದವನು.

ಎಲ್ಲಕ್ಕಿಂತ ಕಠಿನವಾದ ನಿಯಮ ಕಳ್ಳಿನದು. ಹೊಸದಾಗಿ ಕ್ರೈಸ್ತರಾದವರಲ್ಲಿ ಬಿಲ್ಲವ ಕುಟುಂಬಗಳು ಬಹಳ. ಅವರಲ್ಲಿ ಹಲವರಿಗೆ ಮೂರ್ತೆದಾರಿಕೆ, ಎಂದರೆ ಮರವೇರಿ ಕಳ್ಳು ಇಳಿಸುವುದು, ಕುಲಕಸುಬು. ಸಭೆಗೆ ಸೇರಿದವನು ಆ ಕಸುಬನ್ನು ಬಿಡಬೇಕೆಂದು ಮಿಶನ್ ವಿಧಿಸಿತು. ಜೈನ ಓದುಗನಿಗೆ ಇದರಲ್ಲಿ ಆಕ್ಷೇಪಿಸುವಂತಹುದೇನೂ ತೋರಲಾರದು. ಮದ್ಯತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮೊದಲ ಸಾಲಿನದು. ಹಿಂಸೆಗೆ ಎಡೆಯಾಗುವ ವೃತ್ತಿಗಳನ್ನು ಖರಕರ್ಮಗಳೆಂದು ಎಣಿಸಿ ಬಿಡಿಸಿದ ಶ್ರಾವಕಾಚಾರಗಳೂ ಇವೆ. ಆದರೂ ಒಂದು ಪ್ರಶ್ನೆಯನ್ನು ಕೇಳದೆ ಇರಲಾಗದು. ನಿಯಮವನ್ನು ವಿಧಿಸಿದ ಪಾದ್ರಿ ಎಂದೂ ಮರವೇರಿದವನಲ್ಲ. ಅದನ್ನು ಬಿಡುವುದರಿಂದ ಅವನ ಮನೆಯಲ್ಲಿ ಒಂದು ತುತ್ತೂ ಕಡಿಮೆಯಾಗುವುದಿಲ್ಲ. ಬಿಡಬೇಕಾದವನ ಮನೆಯಲ್ಲಿ ಅಂದಿನ ಗಂಜಿಯೇ ನಿಲ್ಲುತ್ತದೆ. ಹೊರಲಾರದ ಹೊರೆಗಳನ್ನು ಜನರ ಹೆಗಲ ಮೇಲೆ ಹೊರಿಸಿ ತಾವು ಬೆರಳನ್ನೂ ಮುಟ್ಟಿಸದವರೆಂದು ಯೇಸು ಶಾಸ್ತ್ರಿಗಳನ್ನು ಕುರಿತು ಹೇಳಿದ ಮಾತು ಇಲ್ಲಿ ತಟ್ಟನೆ ನೆನಪಾಗುತ್ತದೆ.

ಬಾಸೆಲ್ ಮಿಶನ್ನಿನವರ ಹಿರಿಮೆಯೆಂದರೆ, ಆ ಬೆರಳನ್ನು ಅವರು ಮುಟ್ಟಿಸಿದರು. ಜೀವನೋಪಾಯ ಕಳೆದುಕೊಂಡವರಿಗೆ ಕೆಲಸ ಬೇಕೆಂದು ಅರಿತು 1851ರಲ್ಲಿ ಹಾಲರ್ ಎಂಬವರ ಕೈಯಿಂದ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಪ್ಲೆಬ್ಸ್ಟ್ ಎಂಬವರ ಕೈಯಿಂದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ಇಂದಿಗೂ ಕರಾವಳಿಯ ಎಷ್ಟೋ ಬಸದಿಗಳ, ಗುತ್ತಿನ ಮನೆಗಳ, ಶಾಲೆಗಳ ಮಾಡಿನ ಮೇಲಿರುವ ಮಂಗಳೂರು ಹಂಚಿನ ಕಥೆ ತೊಡಗುವುದು ಇಲ್ಲಿಂದ. ಒಬ್ಬನಿಗೆ ಒಂದನ್ನು ಬಿಡಲು ಹೇಳಿದವನು, ಬಿಟ್ಟುದರಿಂದಾದ ನಷ್ಟದಲ್ಲಿ ತಾನೂ ಪಾಲುಗಾರನಾದರೆ ಆ ಆಜ್ಞೆಗೆ ಒಂದು ಮಾನವಿದೆ. ಕಾರ್ಖಾನೆಯ ದುಡಿಮೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅನ್ನವನ್ನು ಕೊಡುವವನೂ ಪಾಪವನ್ನು ಎಣಿಸುವವನೂ ಒಬ್ಬನೇ ಆದಾಗ, ಕೆಲಸಗಾರನು ವಿಧೇಯನಾಗಿರುವುದು ದೇವರಿಗೋ ಯಜಮಾನನಿಗೋ ಎಂಬುದನ್ನು ಅವನೇ ಹೇಳಲಾರನು.

ಅದೇ ಮಂಗಳೂರಿನಲ್ಲಿ 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣನು ದೀಕ್ಷಾಸ್ನಾನ ಪಡೆದನು. ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಅವನು ಬಾಸೆಲ್ಲಿಗೆ ಹೋಗಿ ಕಲಿತು ಪಾದ್ರಿಯಾಗಿ ಮರಳಿದನು. 1850ರ ದಶಕದಲ್ಲಿ ಮೋಗ್ಲಿಂಗ್ ಪಾದ್ರಿಯು ಕೊಡಗಿನಲ್ಲಿ ದೀನ ಕೂಲಿಕುಟುಂಬಗಳಿಗಾಗಿ ನೆಲೆಯೊಂದನ್ನು ಕಟ್ಟಹೊರಟಾಗ ಕೌಂಡಿನ್ಯರು ತಮ್ಮ ಸ್ವಂತ ಹಣವನ್ನು ಅದಕ್ಕೆ ತೊಡಗಿಸಿದರು. ಆ ಊರು ಆನಂದಪುರವೆನಿಸಿತು. ಅವರ ಮತಾಂತರವನ್ನು ಒಪ್ಪದವರು ಇದ್ದರು, ಇರುತ್ತಾರೆ. ಅದು ಬೇರೆಯ ವಿಷಯ. ಕುಲದಲ್ಲಿ ಹಿರಿಯನೆನಿಸಿದವನು ಕುಲದಲ್ಲಿ ಕಿರಿಯರೆನಿಸಿದವರ ಬಿಡಾರಕ್ಕಾಗಿ ಆಸ್ತಿಯನ್ನು ಕರಗಿಸಬೇಕೆಂಬ ವಿಧಿ ಯಾವ ಪಟ್ಟಿಯಲ್ಲಿಯೂ ಇರುವಂತಹುದಲ್ಲ. ಪಟ್ಟಿಯಲ್ಲಿ ಇಲ್ಲದುದನ್ನು ಮಾಡುವ ಮನಸ್ಸು ಎಲ್ಲಿಂದ ಬರುತ್ತದೆ ಎಂಬುದೇ ಈ ಚರ್ಚೆಯ ತಿರುಳು.

ಇದರ ಎದುರುತುದಿಯ ಅಪಾಯವನ್ನೂ ಕ್ರೈಸ್ತರು ಬಲ್ಲರು. ನಿಯಮಗಳಿಂದ ಮುಕ್ತಿಯಿಲ್ಲ, ದೇವರ ಕೃಪೆಯಿಂದ ಮಾತ್ರ ಎಂಬ ಪೌಲನ ಬೋಧೆಯನ್ನು ಹಿಡಿದು, ಹಾಗಾದರೆ ಏನೂ ಮಾಡದಿದ್ದರೂ ಆದೀತೆಂದು ಕೈಕಟ್ಟಿ ಕುಳಿತವರಿಗೆ ಬರಗಾಲವಿಲ್ಲ. ಜರ್ಮನಿಯ ಡೀಟ್ರಿಕ್ ಬಾನ್‌ಹೋಫರ್ ಎಂಬ ಪಾದ್ರಿ 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಅಗ್ಗದ ಕೃಪೆಯೆಂದು ಕರೆದು, ವಿಶ್ವಾಸವನ್ನೂ ವಿಧೇಯತೆಯನ್ನೂ ಬೇರ್ಪಡಿಸಲಾಗದೆಂದು ವಾದಿಸಿದನು. ಹಿಟ್ಲರನನ್ನು ವಿರೋಧಿಸಿದುದಕ್ಕಾಗಿ 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಲಾಯಿತು. ಕಥೋಲಿಕರಲ್ಲಿಯೂ 1966ರಲ್ಲಿ ಪೋಪ್ ಆರನೆಯ ಪೌಲರು ಉಪವಾಸದ ವಿಧಿಗಳನ್ನು ಸಡಿಲಿಸಿ, ಕಡ್ಡಾಯವಾದ ಉಪವಾಸದ ದಿನಗಳನ್ನು ಬೂದಿ ಬುಧವಾರ, ಶುಭ ಶುಕ್ರವಾರಗಳೆಂಬ ಎರಡಕ್ಕೆ ಇಳಿಸಿದರು. ಹೊರಗಿನ ವಿಧಿ ಕಡಿಮೆಯಾದಾಗ ಒಳಗಿನ ತಪಸ್ಸು ಹೆಚ್ಚೀತೆಂಬುದು ಅವರ ನಿರೀಕ್ಷೆ. 1983ರ ಅವರ ಧರ್ಮಸಂಹಿತೆಯಂತೆ 60ನೆಯ ವರ್ಷಕ್ಕೆ ಕಾಲಿಟ್ಟವರಿಗೆ ಉಪವಾಸದ ಕಟ್ಟಿಲ್ಲ. ಸಡಿಲಿಕೆಯಿಂದ ತಪಸ್ಸು ಹೆಚ್ಚಿತೋ ಬರಿಯ ಊಟ ಹೆಚ್ಚಿತೋ ಎಂಬುದನ್ನು ಅವರವರ ಅಂತರಂಗವೇ ಹೇಳಬೇಕು.

ಜೈನನಿಗೆ ಇಲ್ಲಿ ಒಂದು ಭೇದವು ಸ್ಪಷ್ಟವಾಗಿರಬೇಕು. ಕ್ರೈಸ್ತನ ವಿಧೇಯತೆ ತನ್ನನ್ನು ಪ್ರೀತಿಸುವ ಕರ್ತನೊಬ್ಬನಿಗೆ. ಜಿನೇಶ್ವರನಾದರೋ ವೀತರಾಗ, ಅವನು ಒಲಿಯುವುದೂ ಇಲ್ಲ, ಮುನಿಯುವುದೂ ಇಲ್ಲ. ಆದರೂ ಧರ್ಮಧ್ಯಾನದ ನಾಲ್ಕು ಭೇದಗಳಲ್ಲಿ ಮೊದಲನೆಯದು ಆಜ್ಞಾವಿಚಯ. ಒಲಿಸಿಕೊಳ್ಳಲು ಯಾರೂ ಇಲ್ಲದೆಡೆಯಲ್ಲಿ ಆಜ್ಞೆಯನ್ನು ಪಾಲಿಸುವುದೆಂದರೆ ವ್ಯಾಪಾರದ ಎಲ್ಲ ಆಸೆಯನ್ನೂ ಬಿಟ್ಟು ಪಾಲಿಸುವುದು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಮುಳ್ಳುಗಳು ಚುಚ್ಚಿಕೊಂಡಿರುವವರೆಗೆ ಎಷ್ಟು ನೋಂಪಿಗಳನ್ನು ನೋಂತರೂ ಅವನು ವ್ರತಿಯಲ್ಲವೆಂದು ತತ್ತ್ವಾರ್ಥಸೂತ್ರವು ವಿಧಿಸಿದೆ. ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಮೂರು, ನೋಡದೆ ಗುಡಿಸದೆ ವಸ್ತುಗಳನ್ನು ಇಡುವ, ತೆಗೆಯುವ, ಹಾಸುವ ಕುರಿತು. ಉಳಿದೆರಡು ಅನಾದರ ಮತ್ತು ಮರೆವು. ಅಕ್ಕಿಯ ಕಾಳೊಂದು ಬಾಯಿಗೆ ಬೀಳದಿದ್ದರೂ ಅನಾದರದಿಂದ ಕಳೆದ ದಿನ ಕೆಟ್ಟುದೇ ಎಂದ ಮೇಲೆ ಆಚಾರ್ಯರ ದೃಷ್ಟಿ ಎಲ್ಲಿತ್ತೆಂಬುದು ತಿಳಿಯುತ್ತದೆ.

ಆಶ್ವಯುಜದ ಜೀವದಯಾಷ್ಟಮಿಯಂದು ಮನೆಮನೆಯಲ್ಲಿ ಕೇಳುವ ಯಶೋಧರನ ಕಥೆಯೂ ಇದನ್ನೇ ಹೇಳುತ್ತದೆ. ತಾಯಿಯ ಮಾತಿಗೆ ಕಟ್ಟುಬಿದ್ದ ಅರಸನು ಜೀವಂತ ಕೋಳಿಯನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿಯನ್ನು ಬಲಿಯಿತ್ತನು. ವಿಧಿಯ ಅಕ್ಷರದಂತೆ ಅಲ್ಲಿ ಹಿಂಸೆಯಾಗಲಿಲ್ಲ. ಸಂಕಲ್ಪವು ಮಾತ್ರ ಕೊಲೆಯದು. ತಾಯಿಮಕ್ಕಳು ಭವಭವಗಳಲ್ಲಿ ತೊಳಲಿದರು. ಈ ಕಥೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಶೋಧರನು ಅವಿಧೇಯನಲ್ಲ; ತಾಯಿಗೆ ವಿಧೇಯನಾದುದೇ ಅವನ ಕೇಡಾಯಿತು. ವಿಧೇಯತೆಯೊಂದೇ ಗುಣವಲ್ಲ, ಯಾವುದಕ್ಕೆ ವಿಧೇಯನೆಂಬುದೂ ಅಷ್ಟೇ ಮುಖ್ಯ.

ಭಯವನ್ನು ಬಳಸಿ ವಿಧೇಯತೆಯನ್ನು ಪಡೆಯುವುದು ಈ ನೆಲದಲ್ಲಿ ಹೊಸತಲ್ಲ. ಎರ್ಮಾಳಿಗೆ ಸಮೀಪದ ಕಾಪುವಿನ ಧರ್ಮನಾಥ ಬಸದಿಗೆ ಮದ್ದಹೆಗ್ಗಡೆಯು ಭೂಮಿಯನ್ನು ಬಿಟ್ಟ 16ನೆಯ ಶತಮಾನದ ತಾಮ್ರಶಾಸನದಲ್ಲಿ, ಈ ದಾನವನ್ನು ಕೆಡಿಸಿದ ಜೈನನಿಗೆ ಬೆಳ್ಗೊಳದ ಗುಮ್ಮಟನನ್ನು ಒಡೆದ ಪಾಪವೆಂದೂ, ಶೈವವೈಷ್ಣವರಿಗೆ ಅವರವರ ಕ್ಷೇತ್ರಗಳನ್ನು ಕೆಡಿಸಿದ ಪಾಪವೆಂದೂ ಶಾಪ ಹಾಕಿದೆ. ಭೂಮಿಯನ್ನು ಕಾಯಲು ಶಾಪ ಸಾಕಾದೀತು. ವ್ರತವನ್ನು ಕಾಯಲು ಅದು ಸಾಲದು.

ಈಗಿನ ಒಂದು ಮನೆಯನ್ನು ಎದುರಿಗೆ ಇಟ್ಟುಕೊಳ್ಳಬಹುದು. ಇಂತಹ ಮನೆಗಳು ಕರಾವಳಿಯಲ್ಲಿ ಒಂದೆರಡಲ್ಲ. ಎಪ್ಪತ್ತು ದಾಟಿದ ಅಜ್ಜಿ. ನಲವತ್ತು ವರ್ಷ ಅಷ್ಟಮಿ-ಚತುರ್ದಶಿಗಳನ್ನು ತಪ್ಪಿಸದವರು. ಈಗ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಮಾತ್ರೆಯೂ ಆಹಾರವೂ ಬೇಕೆಂದು ವೈದ್ಯರ ಕಟ್ಟುನಿಟ್ಟು. ಅಜ್ಜಿ ಬಸದಿಯಲ್ಲಿ ಉಪವಾಸವೆಂದೇ ಹೇಳುತ್ತಾರೆ. ಮಧ್ಯಾಹ್ನ ಒಳಕೋಣೆಯ ಬಾಗಿಲು ಮುಚ್ಚಿ ಸೊಸೆ ಕೊಟ್ಟ ಗಂಜಿಯನ್ನು ಕುಡಿಯುತ್ತಾರೆ. ಸಂಜೆ ಮತ್ತೆ ಬಸದಿಗೆ ಹೋಗಿ ಇತರರೊಡನೆ ಬಾಡಿದ ಮುಖದಿಂದ ಕುಳಿತುಕೊಳ್ಳುತ್ತಾರೆ. ಗಂಜಿಯಿಂದ ಅವರ ವ್ರತ ಕೆಡಲಿಲ್ಲ. ಷೋಡಶಭಾವನೆಗಳಲ್ಲಿ ತಪಸ್ಸನ್ನೂ ತ್ಯಾಗವನ್ನೂ ಶಕ್ತಿಯನ್ನನುಸರಿಸಿಯೇ ಹೇಳಿದೆ; ಉಪವಾಸವನ್ನು ಏಕಭುಕ್ತಕ್ಕೆ ಇಳಿಸಿಕೊಳ್ಳಲು ಗುರುಗಳ ಮುಂದೆ ಆಲೋಚನೆ ಮಾಡಿ ಅನುಮತಿ ಪಡೆಯುವ ದಾರಿಯೂ ತೆರೆದಿದೆ. ಕೆಟ್ಟುದು ಬಾಗಿಲು ಮುಚ್ಚಿದುದರಿಂದ. ಆ ಬಾಗಿಲನ್ನು ಮುಚ್ಚಿಸಿದವರು ಯಾರು? ಅಜ್ಜಿಯ ಮಾಯಾಶಲ್ಯಕ್ಕೆ, ಪಕ್ಕದಲ್ಲಿ ಕುಳಿತು ಅವರಿವರ ಉಪವಾಸಗಳನ್ನು ಎಣಿಸುವವರೂ ಪಾಲುಗಾರರಲ್ಲವೇ? ನಸುಕಿನಲ್ಲೆದ್ದು ಹತ್ತು ಮಂದಿಯ ಪಾರಣೆಗೆ ಅಡುಗೆ ಮಾಡಿ, ಅತ್ತೆಯ ಗುಟ್ಟನ್ನೂ ಕಾಯುವ ಆ ಸೊಸೆಯ ಹೆಸರಿಗೆ ಯಾವ ನೋಂಪಿಯೂ ಬರೆಯಲ್ಪಟ್ಟಿಲ್ಲ.

ಮುಂದಿನ ಚತುರ್ದಶಿಯಂದು ಆ ಅಜ್ಜಿ ಕಾರ್ಕಳದ ಮಠಕ್ಕೆ ಹೋಗಿ, ಇನ್ನು ತಮ್ಮಿಂದ ಪೂರ್ಣೋಪವಾಸ ಆಗದೆಂದು ಭಟ್ಟಾರಕರ ಮುಂದೆ ಹೇಳಿ, ಏಕಭುಕ್ತದ ನಿಯಮವನ್ನು ಹಿಡಿದು ಬರಬಹುದು. ಸಂಜೆ ಬಸದಿಯ ಜಗಲಿಯಲ್ಲಿ ಯಾರಾದರೂ ಎಂದಿನಂತೆ, ಅಮ್ಮಾ, ಇವತ್ತು ಉಪವಾಸವೇ ಎಂದು ಕೇಳಿಯಾರು. ಇಲ್ಲ ಮಗಾ, ಮಧ್ಯಾಹ್ನ ಗಂಜಿ ಕುಡಿದೆ ಎಂದು ಅವರು ಹೇಳಿದಾಗ ಆ ಜಗಲಿಯಲ್ಲಿ ಕುಳಿತವರು ಏನು ಮಾಡುತ್ತಾರೆಂಬುದು ಇನ್ನೂ ತಿಳಿಯಬೇಕಾಗಿದೆ.